ಸನ್‌ಕ್ಯಾಚರ್‌ಗೆ ಗೋಂದು ಬೇಡ, ಅಂಟುಹಾಳೆ ಸಾಕು

ಮ್ಯೂಸಿಯಂನಲ್ಲಿ ಆರೇಳು ವರ್ಷದ ಮಕ್ಕಳಿಂದ ಸನ್‌ಕ್ಯಾಚರ್ (ಕಿಟಕಿಯಲ್ಲಿಟ್ಟರೆ ಬೆಳಕು ಬಣ್ಣಬಣ್ಣವಾಗಿ ಹಾದುಬರುವ ಅಲಂಕಾರ) ಮಾಡಿಸಬೇಕು, ತೆಳುವಾದ ಬಣ್ಣದ ಟಿಶ್ಯೂ ಪೇಪರ್‌ಗೆ ಗೋಂದು ಹಚ್ಚಿದರೆ ಬಣ್ಣ ಬಿಟ್ಟು ಮುದುಡುತ್ತೆ, ಯಾವ ಕಲಾವಿದರನ್ನು ತೋರಿಸಲಿ ಅಂತ ಕೇಳಿದ್ದೀರಿ.

ಗೋಂದನ್ನು ಬಿಟ್ಟೇಬಿಡಿ. ಪುಸ್ತಕಕ್ಕೆ ಹೊದಿಸುವ ಪಾರದರ್ಶಕ ಅಂಟುಹಾಳೆ ಇದೆಯಲ್ಲ, ಅದರ ಅಂಟಿನ ಮೈ ಮೇಲೆ ಬರುವಂತೆ ಇಟ್ಟು ನಾಲ್ಕೂ ಮೂಲೆಗೆ ಟೇಪ್ ಹಾಕಿ ಮೇಜಿಗೆ ಕೂರಿಸಿ. ಮಕ್ಕಳು ತುಂಡು ಇಟ್ಟರೆ ಸಾಕು, ಹಿಡಿದುಕೊಳ್ಳುತ್ತೆ. ಕೊನೆಗೆ ಮೇಲೊಂದು ಹಾಳೆ ಮುಚ್ಚಿ, ಸುತ್ತ ಕಪ್ಪು ರಟ್ಟಿನ ಚೌಕಟ್ಟು ಹಾಕಿ. ಒಣಗಲಿ ಅಂತ ಕಾಯುವಂತಿಲ್ಲ.

ಕಲಾವಿದರ ವಿಚಾರಕ್ಕೆ ಬಂದರೆ, ನನ್ನ ಆಯ್ಕೆ ಫ್ರಾನ್ಸಿನ ಚಿತ್ರಕಾರ ಆನ್ರಿ ಮತೀಸ್. ಕೊನೆಯ ವರ್ಷಗಳಲ್ಲಿ ಅವರು ಬಣ್ಣ ಬಳಿದ ಕಾಗದವನ್ನು ಕತ್ತರಿಸಿ ಅಂಟಿಸಿಯೇ ದೊಡ್ಡ ದೊಡ್ಡ ಚಿತ್ರ ಮಾಡಿದರು. ಅಂದರೆ ಮಕ್ಕಳು ಮಾಡಲಿರುವ ಕೆಲಸವನ್ನೇ! ಫ್ರಾನ್ಸಿನ ವಾನ್ಸ್ ಎಂಬಲ್ಲಿ 1951ರಲ್ಲಿ ಪೂರ್ಣಗೊಂಡ ಪ್ರಾರ್ಥನಾ ಮಂದಿರಕ್ಕೆ ಅವರು ರೂಪಿಸಿದ ಕಿಟಕಿಗಳಲ್ಲಿ ಹಳದಿ, ಹಸಿರು, ನೀಲಿ ಮೂರೇ ಬಣ್ಣದ ಗಾಜು. ಅದರ ಚಿತ್ರ ತೋರಿಸಿ.

ಬಣ್ಣದ ಕಾಗದವನ್ನೂ ಮೂರಕ್ಕೇ ನಿಲ್ಲಿಸಿ. ಹಳದಿ ಮೇಲೆ ನೀಲಿ ಬಂದಲ್ಲಿ ಹಸಿರು ತಾನಾಗಿ ಹುಟ್ಟುತ್ತೆ. ಕೆಂಪು, ಹಸಿರು ಒಂದರ ಮೇಲೊಂದು ಬಿದ್ದರೆ ಕೊಳಕು ಕಂದು. ಇದನ್ನು ದಯವಿಟ್ಟು ಮೊದಲೇ ಹೇಳಿಬಿಡಬೇಡಿ. ಹಾಳೆಯನ್ನು ಕಿಟಕಿಗೆ ಹಿಡಿದು ಮಗುವೇ ಕಂಡುಕೊಳ್ಳಲಿ, ಇಡೀ ಚಟುವಟಿಕೆಯ ಸಾರ ಅಲ್ಲಿದೆ.

ಕತ್ತರಿ ಹಿಡಿಯಲು ಕಷ್ಟಪಡುವ ಮಕ್ಕಳು ಕೈಯಲ್ಲೇ ಹರಿಯಲಿ. ಹರಿದ ಅಂಚು ಬೆಳಕಿನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ. ಕತ್ತರಿ, ಕಾಗದ ಎಲ್ಲ ಚಟುವಟಿಕೆ ಕೋಣೆಯಲ್ಲೇ ಇರಲಿ, ಗ್ಯಾಲರಿಯೊಳಗೆ ಪೆನ್ಸಿಲ್ ಮಾತ್ರ.