ಕಂಟ್ರೋಲರ್ ಅಳಿಸುವ ಮೊದಲು ಇದನ್ನು ಓದಿ

ಯೂನಿಫೈ ಕಂಟ್ರೋಲರ್ ಎಂದರೆ ಯೂನಿಫೈ ವೈಫೈ ರೇಡಿಯೊಗಳನ್ನೆಲ್ಲ ಒಂದೇ ಕಡೆಯಿಂದ ನಿಭಾಯಿಸುವ ಸಾಫ್ಟ್‌ವೇರ್. ಅದರ ಅಪ್‌ಗ್ರೇಡ್ ಬಗ್ಗೆ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಬಹಳ ಜನ ಎಲ್ಲ ಕೆಟ್ಟ ಮೇಲೆ ಕೇಳುತ್ತಾರೆ. ಈ ಸಲ ಒಬ್ಬರು ಮೊದಲೇ ಕೇಳಿದ್ದಾರೆ. ಹಾಗಾಗಿ ಅವರಿಗೇ ಜಾಸ್ತಿ ಜಾಗ.

ಪ್ರಶ್ನೆ: ಸರ್, ನಮ್ಮದು ಮುಧೋಳ ಕಡೆಯ ಸಕ್ಕರೆ ಕಾರ್ಖಾನೆ. ಕಬ್ಬಿನ ಯಾರ್ಡ್, ತೂಕದ ಕಾಟಾ, ಆಫೀಸು ಎಲ್ಲ ಕಡೆ ಯೂನಿಫೈ ರೇಡಿಯೊಗಳಿವೆ. ಯಾರ್ಡಿನವು ಕೇಬಲ್ ಇಲ್ಲದೆ ಮೆಶ್‌ನಲ್ಲಿವೆ, ಅಂದರೆ ಒಂದರಿಂದ ಒಂದಕ್ಕೆ ಗಾಳಿಯಲ್ಲೇ ಜೋಡಣೆ. ಕಂಟ್ರೋಲರ್ ಹಳೆಯ ಲಿನಕ್ಸ್ ಕಂಪ್ಯೂಟರ್‌ನಲ್ಲಿದೆ. ‘ಅದನ್ನು ಅಳಿಸಿ ಹೊಸದು ಹಾಕಿ, ರೇಡಿಯೊಗಳು ತಾವೇ ಬಂದು ಸೇರುತ್ತವೆ’ ಎನ್ನುತ್ತಾರೆ ಅಂಗಡಿಯವರು. ಹಾಗೆ ಮಾಡಲೇ?

ಉತ್ತರ: ಖಂಡಿತ ಬೇಡ. ಒಮ್ಮೆ ಸೇರಿಸಿಕೊಂಡ ರೇಡಿಯೊ ಆ ಕಂಟ್ರೋಲರ್‌ನ ಕೀಲಿಯನ್ನೇ ನಂಬುತ್ತದೆ. ಬ್ಯಾಕಪ್ ಇಲ್ಲದೆ ಹೊಸದು ಹಾಕಿದರೆ ಆ ಹೊಸ ಕಂಟ್ರೋಲರ್ ರೇಡಿಯೊವನ್ನು ‘ಇದು ಬೇರೆಯವರದು’ ಎಂದು ತೋರಿಸುತ್ತದೆ, ಅಷ್ಟೇ. ರೇಡಿಯೊಗಳ ಎಸ್‌ಎಸ್‌ಎಚ್ (ದೂರದಿಂದಲೇ ಒಳಹೊಕ್ಕು ಆದೇಶ ಕೊಡುವ ದಾರಿ) ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಒಂದೊಂದು ಕಂಬ ಹತ್ತಿ ರೀಸೆಟ್ ಮಾಡಬೇಕು. ಇಂಥ ಸಲಹೆ ಕೊಟ್ಟವರು ಕಂಬ ಹತ್ತಲು ಬರುವುದಿಲ್ಲ. ಆ ಪಾಸ್‌ವರ್ಡ್ ಕಂಟ್ರೋಲರ್ ಸೆಟ್ಟಿಂಗ್ಸ್‌ನಲ್ಲೇ ಇದೆ, ಇವತ್ತೇ ಬರೆದಿಟ್ಟುಕೊಳ್ಳಿ.

ಹಳೆಯ ಕಂಪ್ಯೂಟರ್‌ನಲ್ಲೇ ಅಪ್‌ಗ್ರೇಡ್ ಮಾಡುವುದೂ ನನಗೆ ಇಷ್ಟವಿಲ್ಲ. ಕಂಟ್ರೋಲರ್ 7.5 ರಿಂದ ಅದು ಓಡಲು ಕನಿಷ್ಠ ಜಾವಾ 17 ಬೇಕು. ಒಳಗಿನ ಡೇಟಾಬೇಸ್ ಮಾಂಗೊಡಿಬಿ 3.6 ಇದ್ದರೆ 4.0, 4.2, 4.4 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಬೇಕು, ನಡುವೆ ಹಾರುವಂತಿಲ್ಲ. ಮಾಂಗೊಡಿಬಿ 5.0 ಕ್ಕೆ ಎವಿಎಕ್ಸ್ ಎಂಬ ಸೌಲಭ್ಯ ಇರುವ ಪ್ರೊಸೆಸರ್ ಬೇಕು. ಹಳೆಯ ಯಂತ್ರದಲ್ಲಿ ಅದು ಇಲ್ಲದಿದ್ದರೆ ಡೇಟಾಬೇಸ್ ಶುರುವೇ ಆಗುವುದಿಲ್ಲ.

ಬ್ಯಾಕಪ್ ತೆಗೆದು ಪೆನ್‌ಡ್ರೈವ್‌ಗೆ ಹಾಕಿ. ಸೆಟ್ಟಿಂಗ್ಸ್ ಮಾತ್ರ ಸಾಕು, ಹಳೆಯ ಅಂಕಿಅಂಶ ಬೇಡ. ಬೇರೆ ಕಂಪ್ಯೂಟರ್‌ನಲ್ಲಿ ಹೊಸ ಆವೃತ್ತಿ ಹಾಕಿ, ನೆಟ್‌ವರ್ಕ್ ಕೇಬಲ್ ಕಿತ್ತಿಟ್ಟು ಅದರಲ್ಲಿ ಬ್ಯಾಕಪ್ ರಿಸ್ಟೋರ್ ಮಾಡಿ. ಕೇಬಲ್ ಇದ್ದರೆ ಒಂದೇ ರೇಡಿಯೊಗೆ ಇಬ್ಬರು ಯಜಮಾನರಾಗುತ್ತಾರೆ. ಎಲ್ಲ ರೇಡಿಯೊಗಳ ಹೆಸರು ಕಂಡವಾ? ಆಗ ಹಳೆಯದನ್ನು ಆಫ್ ಮಾಡಿ, ಹೊಸದಕ್ಕೆ ಅದೇ ಐಪಿ ವಿಳಾಸ ಕೊಟ್ಟು ಕೇಬಲ್ ಹಾಕಿ. ಹಳೆಯ ಯಂತ್ರವನ್ನು ಹಾಗೇ ಎತ್ತಿಡಿ. ಹೊಸ ಬ್ಯಾಕಪ್ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ, ಹಿಂದೆ ಹೋಗಲು ಆ ಯಂತ್ರವೇ ಸುಲಭದ ದಾರಿ.

ರೇಡಿಯೊಗಳ ಫರ್ಮ್‌ವೇರನ್ನು (ಅವುಗಳ ಒಳಗಿನ ಸಾಫ್ಟ್‌ವೇರ್) ಅದೇ ದಿನ ಮುಟ್ಟಬೇಡಿ. ಆಟೋ ಅಪ್‌ಡೇಟ್ ಆಫ್ ಇರಲಿ. ಮುಂದೆ ಮಾಡುವಾಗ ಮೆಶ್‌ನ ಕೊನೆಯ ರೇಡಿಯೊದಿಂದ ಶುರು ಮಾಡಿ ಕೇಬಲ್ ಇರುವ ರೇಡಿಯೊ ಹತ್ತಿರಕ್ಕೆ ಬನ್ನಿ. ಹತ್ತಿರದ್ದನ್ನು ಮೊದಲು ಬದಲಿಸಿ ಅದು ಹೊಂದಿಕೊಳ್ಳದಿದ್ದರೆ ಆಚೆಯದು ಕೈಗೇ ಸಿಗುವುದಿಲ್ಲ. ಫರ್ಮ್‌ವೇರ್ ಬರೆಯುವಾಗ ಕರೆಂಟ್ ಹೋದರೆ ರೇಡಿಯೊ ಸಾಯಬಹುದು, ಯುಪಿಎಸ್ ಬೇಕೇ ಬೇಕು. ಇದೆಲ್ಲ ಹಂಗಾಮು ಮುಗಿದ ಮೇಲೆ. ಕಾಟಾದ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಸಾಲು ನಿಂತಿರುವಾಗ ಪ್ರಯೋಗ ಮಾಡುವುದು ರೈತರಿಗೆ ಮಾಡುವ ಅನ್ಯಾಯ.

ಪ್ರಶ್ನೆ: ಅಪ್‌ಗ್ರೇಡ್ ವೇಳೆ ನೆಟ್ ನಿಲ್ಲುತ್ತದೆಯೇ? (ಇಂಡಿ)

ಉತ್ತರ: ಇಲ್ಲ. ಗೆಸ್ಟ್ ಪೋರ್ಟಲ್ (ಅತಿಥಿಗಳು ಲಾಗಿನ್ ಆಗುವ ಪುಟ) ಮಾತ್ರ ನಿಲ್ಲುತ್ತದೆ.

ಪ್ರಶ್ನೆ: ಚೆನ್ನಾಗಿ ನಡೆಯುತ್ತಿದೆ, ಸುಮ್ನೆ ಯಾಕೆ ಅಪ್‌ಗ್ರೇಡ್? (ಚಿಕ್ಕೋಡಿ)

ಉತ್ತರ: 2021 ರ ಡಿಸೆಂಬರ್‌ನಲ್ಲಿ ಬಯಲಾದ ಲಾಗ್‌ಫೋರ್‌ಜೆ ದೋಷ (ಹೊರಗಿನವರು ಒಳನುಗ್ಗಬಹುದಾದ ರಂಧ್ರ) ಈ ಕಂಟ್ರೋಲರ್‌ನಲ್ಲೂ ಇತ್ತು. ಆ ತಿಂಗಳಿಗಿಂತ ಹಳೆಯ ಆವೃತ್ತಿಯನ್ನು ಇಂಟರ್ನೆಟ್‌ಗೆ ತೆರೆದಿಟ್ಟಿದ್ದರೆ ಇವತ್ತೇ ಮುಚ್ಚಿ.

ಪ್ರಶ್ನೆ: ಕಂಟ್ರೋಲರ್‌ನಲ್ಲಿ ಬೇರೆ ದೇಶ ಆರಿಸಿದರೆ ಸಿಗ್ನಲ್ ಜಾಸ್ತಿ ಆಗುತ್ತದಂತೆ? (ಗೋಕಾಕ)

ಉತ್ತರ: ಮಾಡಬೇಡಿ. 2018 ರಲ್ಲಿ ನಮ್ಮ ದೇಶದಲ್ಲಿ 5 ಗಿಗಾಹರ್ಟ್ಸ್ ವೈಫೈಗೆ ಲೈಸೆನ್ಸ್ ಬೇಡವೆಂದಾಯಿತು, ಪವರ್ ಮಿತಿ ತೆಗೆದಿಲ್ಲ. ಆಂಟೆನಾ ಸರಿಯಾಗಿ ತಿರುಗಿಸಿ.

ಪ್ರಶ್ನೆ: ಈ ಸಾಫ್ಟ್‌ವೇರ್ ಲೈಸೆನ್ಸ್‌ಗೆ ಎಷ್ಟು ಕೊಡಬೇಕು? (ಸಿಂದಗಿ)

ಉತ್ತರ: ಒಂದು ರೂಪಾಯಿಯೂ ಬೇಡ. ನಿಮ್ಮದೇ ಕಂಪ್ಯೂಟರ್‌ನಲ್ಲಿ ಹಾಕಿಕೊಳ್ಳಲು ಅದು ಉಚಿತ. ಲೈಸೆನ್ಸ್ ಎಂದು ಹಣ ಕೇಳಿದವರನ್ನು ಮತ್ತೆ ಕರೆಯಬೇಡಿ.