ಮದುವೆಯಾಯಿತು, ನಾಮಿನಿ ಬದಲಾಗಲಿಲ್ಲ

ಈ ತಿಂಗಳ ಪತ್ರಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದೆ. ನಮ್ಮ ಮನೆಯವರು ಇಣುಕಿ ನೋಡಿ, ‘ಇದು ಹಣದ ಅಂಕಣವೋ, ಅತ್ತೆ ಸೊಸೆಯರ ಅಂಕಣವೋ?’ ಎಂದು ಕೇಳಿದರು. ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವಳಿಗೆ ಅವೆರಡೂ ಬೇರೆ ಎಂದು ಒಂದು ದಿನವೂ ಅನ್ನಿಸಿಲ್ಲ. ತಿಪಟೂರಿನ ಶಾಖೆಯಲ್ಲಿದ್ದಾಗ ಕೊಬ್ಬರಿ ಮಾರಿದ ಹಣ ಕಟ್ಟಲು ಅಣ್ಣತಮ್ಮಂದಿರು ಜೊತೆಯಾಗಿ ಬರುತ್ತಿದ್ದರು. ಯಾವ ವರ್ಷ ಅವರು ಬೇರೆ ಬೇರೆ ಚಲನ್ ಬರೆಯಲು ಶುರು ಮಾಡಿದರೋ, ಆ ವರ್ಷ ಮನೆಯಲ್ಲಿ ಒಲೆ ಎರಡಾಗಿದೆ ಎಂದು ಊರಿಗಿಂತ ಮೊದಲು ನಮಗೆ ಗೊತ್ತಾಗುತ್ತಿತ್ತು.

ಪ್ರಶ್ನೆ: ನನ್ನ ಯಜಮಾನರು ಕಳೆದ ಆಷಾಢದಲ್ಲಿ ತೀರಿಕೊಂಡರು. ಮದುವೆಗೆ ಮುಂಚೆ ಅವರು ಇಟ್ಟಿದ್ದ ಠೇವಣಿ ಬೆಳೆದು ಈಗ ಒಂಬತ್ತು ಲಕ್ಷವಾಗಿದೆ. ನಾಮಿನಿ ನಮ್ಮ ಅತ್ತೆ. ‘ನನ್ನ ಮಗ ನನ್ನ ಹೆಸರು ಬರೆದಿದ್ದಾನೆ, ಹಣ ನನ್ನದು’ ಎನ್ನುತ್ತಾರೆ. ಆರು ವರ್ಷದ ಮಗಳಿದ್ದಾಳೆ. ಉಯಿಲು ಇಲ್ಲ. ನಮಗೆ ಏನೂ ಬರುವುದಿಲ್ಲವೇ?
— ಹೆಸರು ಬೇಡ, ಅರಸೀಕೆರೆ

ತಂಗಿ, ಬರುತ್ತದೆ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆದುಕೊಳ್ಳುವ ಕೈ, ಅಷ್ಟೇ. ಪಡೆದದ್ದನ್ನು ವಾರಸುದಾರರಿಗೆ ಹಂಚುವುದು ಆ ಕೈಯ ಕೆಲಸ. ಜೀವವಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ ಇದನ್ನು 1984ರಲ್ಲೇ, ಸರ್ಬತಿ ದೇವಿ ಪ್ರಕರಣದಲ್ಲಿ ಹೇಳಿತು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಮೊದಲ ಸಾಲಿನ ವಾರಸುದಾರರು ಹೆಂಡತಿ, ಮಕ್ಕಳು ಮತ್ತು ತಾಯಿ. ನಿಮ್ಮ ಮನೆಯಲ್ಲಿ ಮೂವರು: ನೀವು, ಮಗಳು, ಅತ್ತೆ. ತಲಾ ಮೂರು ಲಕ್ಷ.

ಹಾಗಾಗಿ ಅತ್ತೆಗೆ ಏನೂ ಇಲ್ಲ ಎಂದು ನೀವೂ ಹೇಳುವಂತಿಲ್ಲ. ಪತ್ರದ ಧಾಟಿ ನೋಡಿದರೆ ನಿಮ್ಮ ಕಡೆಯವರು ಯಾರೋ ಹಾಗೆ ಹೇಳಿಕೊಟ್ಟಿರುವಂತಿದೆ.

ಅವರು ಮೋಸ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ಮಗನನ್ನು ಕಳೆದುಕೊಂಡ ತಾಯಿಗೆ ಆ ಕಾಗದದ ಮೇಲೆ ಮಗನ ಅಕ್ಷರದಲ್ಲಿ ತನ್ನ ಹೆಸರಿದೆ. ಹಣಕ್ಕಿಂತ ಅವರಿಗೆ ಅದು ಹೆಚ್ಚು. ವಕೀಲರ ನೋಟಿಸ್ ಕಳಿಸುವ ಮೊದಲು ಇಬ್ಬರೂ ನಂಬುವ ಹಿರಿಯರೊಬ್ಬರನ್ನು ಕೂರಿಸಿಕೊಂಡು ಈ ಮೂರು ಪಾಲಿನ ಲೆಕ್ಕ ಹೇಳಿಸಿ. ಯಜಮಾನರ ಹೆಸರಿನಲ್ಲಿ ವಿಮೆ ಇದ್ದು ಅದಕ್ಕೂ ಅತ್ತೆಯೇ ನಾಮಿನಿಯಾಗಿದ್ದರೆ, ಅಲ್ಲೂ ಕೈಬಿಡಬೇಡಿ. ವಿಮಾ ಕಾಯ್ದೆಯ 2015ರ ತಿದ್ದುಪಡಿಯ ನಂತರ ತಾಯಿ ನಾಮಿನಿಯಾದರೆ ಹಣ ಪೂರ್ತಿ ಅವರದೇ ಎನ್ನುವ ವಾದ ಹುಟ್ಟಿಕೊಂಡಿತ್ತು. ಹೆಚ್ಚು ಕಡಿಮೆ ನಿಮ್ಮ ಮನೆಯದೇ ಕಥೆಯಿರುವ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ 2025ರಲ್ಲಿ ಅದನ್ನು ಒಪ್ಪಲಿಲ್ಲ. ಹೆಂಡತಿ, ಮಗು, ತಾಯಿಗೆ ಸಮಪಾಲು ಎಂದಿತು.

ಮಗಳ ಪಾಲನ್ನು ನಿಮ್ಮ ಖಾತೆಯಲ್ಲಿ ಬೆರೆಸಬೇಡಿ. ಹತ್ತು ವರ್ಷ ತುಂಬುವುದರೊಳಗೆ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು, ವರ್ಷಕ್ಕೆ ಗರಿಷ್ಠ ಒಂದೂವರೆ ಲಕ್ಷ. ಎರಡು ವರ್ಷದಲ್ಲಿ ಅವಳ ಮೂರು ಲಕ್ಷ ಅಲ್ಲಿ ಸೇರುತ್ತದೆ. ನಂತರ ವರ್ಷಕ್ಕೆ ಇನ್ನೂರೈವತ್ತು ರೂಪಾಯಿ ಕಟ್ಟುತ್ತಿದ್ದರೂ ಖಾತೆ ಜೀವಂತವಾಗಿರುತ್ತದೆ.

ಇದನ್ನು ಓದುತ್ತಿರುವ ಗಂಡಸರಲ್ಲಿ ಎಷ್ಟು ಜನರ ಪಾಸ್‌ಬುಕ್ಕಿನಲ್ಲಿ ಇನ್ನೂ ತಾಯಿಯೋ, ತೀರಿಹೋದ ತಂದೆಯೋ ನಾಮಿನಿಯಾಗಿದ್ದಾರೆ? 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಮಾಡಬಹುದು, ಯಾರಿಗೆ ಶೇಕಡಾ ಎಷ್ಟು ಎಂದೂ ಬರೆಯಬಹುದು. ಅಮ್ಮನ ಹೆಸರು ತೆಗೆಯಲು ಸಂಕೋಚ ಎನ್ನುವ ನೆಪವೂ ಈಗ ಉಳಿದಿಲ್ಲ.

ಪ್ರಶ್ನೆ: ನನಗೆ 26 ವರ್ಷ. ಬೆಂಗಳೂರಿನಲ್ಲಿ ಕೆಲಸ, ಕೈಗೆ 42,000 ಸಂಬಳ. ತಂಗಿಯ ಮದುವೆಗೆ ಅಪ್ಪ ನಾಲ್ಕು ಲಕ್ಷ ಕೈಸಾಲ ಮಾಡಿದರು, ಮೂರು ರೂಪಾಯಿ ಬಡ್ಡಿ. ಪ್ರತಿ ತಿಂಗಳು 15,000 ಊರಿಗೆ ಕಳಿಸುತ್ತೇನೆ. ಎರಡು ವರ್ಷವಾದರೂ ಸಾಲ ಹಾಗೇ ಇದೆ. ನನ್ನ ಮದುವೆಯ ಮಾತುಕತೆಯೂ ನಡೆಯುತ್ತಿದೆ. ಹುಡುಗಿಗೆ ಸಾಲದ ವಿಷಯ ಹೇಳಿಲ್ಲ.
— ಒಬ್ಬ ಓದುಗ, ಬೆಂಗಳೂರು

ಮೂರು ರೂಪಾಯಿ ಬಡ್ಡಿ ಎಂದರೆ ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು. ಕೇಳುವಾಗ ಮೂರು ಎನ್ನುವುದು ಎಷ್ಟು ಪುಟ್ಟದಾಗಿ ಕೇಳಿಸುತ್ತದೆ ನೋಡಿ. ನಾಲ್ಕು ಲಕ್ಷಕ್ಕೆ ತಿಂಗಳ ಬಡ್ಡಿಯೇ 12,000. ಉಳಿದ ಮೂರು ಸಾವಿರ ಅಸಲಿಗೆ ಹೋಗುತ್ತಿದೆ ಎಂದು ನೀವು ನಂಬಿದ್ದೀರಿ. ಕೈಸಾಲ ಕೊಟ್ಟವರು ಅಸಲನ್ನು ಇಡಿಯಾಗಿ ಕೇಳುತ್ತಾರೆಯೇ ಹೊರತು ಮೂರು ಮೂರು ಸಾವಿರವಾಗಿ ತೆಗೆದುಕೊಳ್ಳುವುದಿಲ್ಲ. ಆ ಮೂರು ಸಾವಿರ ಊರಿನಲ್ಲಿ ಗೊಬ್ಬರಕ್ಕೋ ಗೃಹಪ್ರವೇಶದ ಉಡುಗೊರೆಗೋ ಖರ್ಚಾಗಿರುತ್ತದೆ. ಅಪ್ಪನನ್ನು ಬೈಯಬೇಡಿ.

ಇದೇ ನಾಲ್ಕು ಲಕ್ಷವನ್ನು ಬ್ಯಾಂಕಿನಿಂದ ವರ್ಷಕ್ಕೆ ಶೇ. 12ರ ಬಡ್ಡಿಗೆ, ಮೂರು ವರ್ಷದ ಕಂತಿಗೆ ತೆಗೆದರೆ ತಿಂಗಳ ಕಂತು ಸುಮಾರು 13,300. ನೀವು ಈಗ ಕಳಿಸುತ್ತಿರುವುದಕ್ಕಿಂತ ಕಡಿಮೆ, ಮೂವತ್ತಾರು ತಿಂಗಳಿಗೆ ಸಾಲವೇ ಇಲ್ಲ. ಸಂಬಳದ ಮೇಲೆ ಅಷ್ಟು ಕಡಿಮೆ ಬಡ್ಡಿಗೆ ಸಿಗದಿದ್ದರೆ ಅಮ್ಮನ ಸರ, ಬಳೆ ಅಡವಿಟ್ಟು ಚಿನ್ನದ ಸಾಲ ತೆಗೆಯಿರಿ. ‘ಒಡವೆ ಬ್ಯಾಂಕಿಗೆ ಹೋದರೆ ಊರಿನವರು ಏನೆಂದುಕೊಂಡಾರು’ ಎಂದು ಅಪ್ಪ ಹೇಳಬಹುದು. ಬಡ್ಡಿಯವನು ತಿಂಗಳ ಐದನೇ ತಾರೀಖು ಜಗುಲಿಯ ಮೇಲೆ ಬಂದು ಕೂರುವುದನ್ನು ಊರು ಈಗಾಗಲೇ ನೋಡುತ್ತಿದೆ.

ಹುಡುಗಿಗೆ ನಿಶ್ಚಿತಾರ್ಥಕ್ಕೆ ಮೊದಲೇ ಹೇಳಿ. ಅಸಲು, ಬಡ್ಡಿ, ಮುಗಿಯುವ ತಿಂಗಳು, ಮೂರನ್ನೂ ಒಂದು ಹಾಳೆಯಲ್ಲಿ ಬರೆದು ತೋರಿಸಿ. ಇನ್ನೊಂದು ಮಾತು: ಮನೆ ನಿಮ್ಮ ಸಂಬಳದ ಮೇಲೆ ನಿಂತಿದೆ, ನಿಮಗೆ ವಿಮೆ ಇದೆಯೇ? ಬೇರೇನೂ ಇಲ್ಲದಿದ್ದರೆ ಬ್ಯಾಂಕಿನಲ್ಲೇ ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ ವಿಮೆ ಮಾಡಿಸಿ. ಅದರಲ್ಲಿ ಮನೆಯವರಿಗೆ ಸಿಗುವ ಎರಡು ಲಕ್ಷ ದೊಡ್ಡ ಮೊತ್ತವಲ್ಲ, ಆದರೆ ಆ ಸಾಲದ ಅರ್ಧ.

ಪ್ರಶ್ನೆ: ನಮ್ಮ ತಂದೆ 2001ರಲ್ಲಿ ತೀರಿಕೊಂಡರು. ತಿಪಟೂರಿನ ಹತ್ತಿರ ನಾಲ್ಕು ಎಕರೆ ತೆಂಗಿನ ತೋಟ. ತಾಯಿ, ಅಣ್ಣ, ನಾನು. ನನ್ನ ಮದುವೆ, ಎರಡು ಬಾಣಂತನ ಎಲ್ಲ ಅಣ್ಣನೇ ಮಾಡಿದ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಬಾಗಿನ ತಪ್ಪಿಸಿಲ್ಲ. ಈಗ ತೋಟದ ಮೇಲೆ ಸಾಲ ತೆಗೆಯಬೇಕು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಎನ್ನುತ್ತಾನೆ. ಹಾಕದಿದ್ದರೆ ತವರು ಹೋಗುತ್ತದೆ. ಹಾಕಿದರೆ ನನ್ನ ಗಂಡ ಬೇಸರ ಮಾಡಿಕೊಳ್ಳುತ್ತಾರೆ.
— ಒಬ್ಬ ತಂಗಿ, ಹಾಸನ

ಈ ಪತ್ರವನ್ನು ಮೂರು ಸಲ ಓದಿದೆ. ಕಾರಣ ಆಮೇಲೆ ಹೇಳುತ್ತೇನೆ.

ಮೊದಲು ಹಕ್ಕು. ತೋಟ ತಂದೆಯ ಸ್ವಂತ ಗಳಿಕೆಯಾಗಿದ್ದು ಉಯಿಲು ಇಲ್ಲದಿದ್ದರೆ ನೀವು ಮೂವರೂ ಸಮಾನ ಪಾಲುದಾರರು. ಮಗಳಿಗೆ ಈ ಹಕ್ಕು ಹಿಂದೂ ಉತ್ತರಾಧಿಕಾರದ 1956ರ ಮೂಲ ಕಾಯ್ದೆಯಲ್ಲೇ ಇತ್ತು. ಪಿತ್ರಾರ್ಜಿತವಾಗಿದ್ದರೆ 2005ರ ತಿದ್ದುಪಡಿ ನಿಮ್ಮನ್ನು ಹುಟ್ಟಿನಿಂದಲೇ ಅಣ್ಣನಿಗೆ ಸಮಾನವಾಗಿ ನಿಲ್ಲಿಸುತ್ತದೆ. ತಂದೆ ಅದಕ್ಕೂ ಮೊದಲೇ ಹೋದರಲ್ಲ ಎಂದು ಯಾರಾದರೂ ಹೇಳಿದರೆ, 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ ಎನ್ನಿ. 2004ರ ಡಿಸೆಂಬರ್ 20ಕ್ಕೆ ಮೊದಲು ಕಾಗದಪತ್ರದ ಮೂಲಕ ಸರಿಯಾಗಿ ವಿಭಾಗ ಆಗಿದ್ದರೆ ಮಾತ್ರ ಅದನ್ನು ಕೆದಕಲು ಬರುವುದಿಲ್ಲ. ಮದುವೆಗೆ ಖರ್ಚು ಮಾಡಿದೆವು ಎನ್ನುವುದು ವಿಭಾಗವಲ್ಲ.

ಇನ್ನು ಬ್ಯಾಂಕಿನವಳಾಗಿ ಒಂದು ಮಾತು. ಸಾಲಕ್ಕೆ ಒಪ್ಪಿಗೆ ಕೊಡುವುದು ಬೇರೆ, ಹಕ್ಕು ಬಿಡುವುದು ಬೇರೆ. ಪಾಲುದಾರರೆಲ್ಲ ಸೇರಿ ಅಡಮಾನ ಪತ್ರಕ್ಕೆ ಸಹಿ ಹಾಕಿದರೂ ಬ್ಯಾಂಕಿನ ಕೆಲಸ ಆಗುತ್ತದೆ. ನಾನು ಅಂಥ ಎಷ್ಟೋ ಸಾಲ ಮಂಜೂರು ಮಾಡಿದ್ದೇನೆ. ಆಗ ಅಣ್ಣ ಕಂತು ಕಟ್ಟದಿದ್ದರೆ ನಿಮ್ಮ ಪಾಲೂ ಹರಾಜಿಗೆ ಬರುತ್ತದೆ, ಅದು ತಿಳಿದಿರಲಿ. ಆದರೆ ಸಾಲ ತೀರಿದ ದಿನ ಪಾಲು ನಿಮ್ಮದಾಗಿಯೇ ಇರುತ್ತದೆ. ಬಿಡುಗಡೆ ಪತ್ರ ನೋಂದಣಿಯಾದ ಮೇಲೆ ಹಿಂದಕ್ಕೆ ಬರುವುದು ಬಹಳ ಕಷ್ಟ. ಹಾಗಾಗಿ ಅಣ್ಣನನ್ನು ಮೊದಲು ಕೇಳಬೇಕಾದದ್ದು: ನಿಜವಾಗಿ ಬ್ಯಾಂಕ್ ಕೇಳಿದ್ದು ಯಾವುದನ್ನು? ತಂದೆ ಹೋಗಿ ಇಷ್ಟು ವರ್ಷವಾಯಿತು, ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿದೆಯೇ? ಪಹಣಿಯಲ್ಲಿ ಯಾರ ಹೆಸರಿದೆ? ವಂಶವೃಕ್ಷದಲ್ಲಿ ನಿಮ್ಮ ಹೆಸರು ಬರೆಸಿದ್ದಾರೆಯೇ?

ಈಗ ಕಾರಣ. 2008ರಲ್ಲಿ ನಾನೂ ಸಹಿ ಹಾಕಿದೆ. ಉಪನೋಂದಣಿ ಕಚೇರಿಯ ಬೇವಿನ ಮರದ ಕೆಳಗೆ ಅತ್ತಿಗೆ ಮಾವಿನಹಣ್ಣಿನ ಬಣ್ಣದ ಮೈಸೂರು ರೇಷ್ಮೆ ಸೀರೆ, ಅರಿಶಿನ ಕುಂಕುಮ, ಐದು ಸಾವಿರ ರೂಪಾಯಿ ತಟ್ಟೆಯಲ್ಲಿಟ್ಟು ಕೊಟ್ಟರು. ಒಳಗೆ ಹೆಬ್ಬೆರಳ ಗುರುತು, ಫೋಟೊ, ಹತ್ತು ನಿಮಿಷದಲ್ಲಿ ಮುಗಿಯಿತು. ಬೇರೆಯವರ ಸಾಲಪತ್ರದ ಅಲ್ಪವಿರಾಮವನ್ನೂ ಬಿಡದೆ ಓದುತ್ತಿದ್ದ ನಾನು ಆ ಪತ್ರವನ್ನು ಓದಲಿಲ್ಲ. ಅಣ್ಣನ ಎದುರು ಓದುತ್ತಾ ನಿಂತರೆ ಅವನನ್ನು ನಂಬಲಿಲ್ಲ ಎಂದಾಗುತ್ತದೆಂಬ ನಾಚಿಕೆ. ಜಮೀನು ಕೊಟ್ಟದ್ದಕ್ಕೆ ಇವತ್ತಿಗೂ ದುಃಖವಿಲ್ಲ. ನನಗೆ ಸಂಬಳವಿತ್ತು, ಅವನಿಗೆ ಅದೊಂದೇ ಇತ್ತು. ಆದರೆ ಅಮ್ಮ ಇರುವವರೆಗೆ ಆ ಮನೆಯ ಒಂದು ಕೋಣೆ ಅವಳದು ಎಂಬ ಒಂದು ಸಾಲು ಬರೆಸಿಕೊಳ್ಳಬಹುದಿತ್ತು. ಬರೆಸಲಿಲ್ಲ. ಅಮ್ಮ ಕೊನೆಯ ನಾಲ್ಕು ವರ್ಷ ನನ್ನ ಬಳಿಯೇ ಇದ್ದಳು, ಹಿತ್ತಲಿನ ಸೀಬೆಮರ ನೆನೆಸಿಕೊಂಡು.

ನೀವು ಕೊಡುವುದಾದರೆ ಓದಿ ಕೊಡಿ. ನಿಮ್ಮದೇ ವಕೀಲರಿಗೆ ತೋರಿಸಿ, ಅಣ್ಣನ ವಕೀಲರಿಗಲ್ಲ. ನಾಲ್ಕು ಎಕರೆಯಲ್ಲಿ ಹತ್ತು ಗುಂಟೆ ಉಳಿಸಿಕೊಂಡು ಮಿಕ್ಕದ್ದು ಬಿಡಬಹುದು. ಹಣ ತೆಗೆದುಕೊಂಡು ಬಿಡಬಹುದು, ಆಗ ಆ ಮೊತ್ತ ಪತ್ರದಲ್ಲೇ ಇರಲಿ. ತಾಯಿಯ ಪಾಲನ್ನೂ ಇದೇ ಪತ್ರದಲ್ಲಿ ಸದ್ದಿಲ್ಲದೆ ಬಿಡಿಸುತ್ತಿದ್ದಾರೆಯೇ ಎಂದು ಖಂಡಿತ ನೋಡಿ. ಬಾಣಂತನದ ಋಣವನ್ನು ನೀವು ಬರೆದಿದ್ದೀರಿ. ಆ ಋಣ ಇದೆ, ನಾನು ಇಲ್ಲವೆನ್ನುವುದಿಲ್ಲ. ಅದರ ಬೆಲೆ ಒಂದೂಕಾಲು ಎಕರೆಗೂ ಹೆಚ್ಚಿನ ತೋಟವೇ ಎಂಬುದನ್ನು ನೀವೇ ತೂಗಿ ನೋಡಬೇಕು. ನಿಮ್ಮ ಗಂಡನೂ ಅಲ್ಲ, ನಾನೂ ಅಲ್ಲ.

ಪ್ರಶ್ನೆ: ಭಾವಮೈದುನ ಲಾರಿ ಸಾಲಕ್ಕೆ ಜಾಮೀನು ಕೇಳುತ್ತಿದ್ದಾನೆ. ಬರೀ ಸಹಿ, ಏನೂ ತೊಂದರೆಯಿಲ್ಲ ಎನ್ನುತ್ತಾನೆ. ಹಾಕಲೇ?
— ಓದುಗ, ಚಿತ್ರದುರ್ಗ

ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎನ್ನುತ್ತದೆ 1872ರ ಕರಾರು ಕಾಯ್ದೆಯ 128ನೇ ಕಲಂ. ಬ್ಯಾಂಕ್ ಮೊದಲು ಅವನ ಬಾಗಿಲು ತಟ್ಟಬೇಕೆಂಬ ನಿಯಮವೂ ಇಲ್ಲ. ಸಂಬಳದವರು ಸುಲಭವಾಗಿ ಸಿಗುತ್ತಾರೆ. ಆ ಲಾರಿಯ ಇಡೀ ಸಾಲವನ್ನು ಭಾವಮೈದುನನಿಗೆ ದಾನ ಮಾಡುವ ಶಕ್ತಿ ನಿಮಗಿದ್ದರೆ ಸಹಿ ಹಾಕಿ. ಇಲ್ಲದಿದ್ದರೆ ಹೆಂಡತಿಯ ಎದುರಿನಲ್ಲೇ, ಅವನು ಕಾಫಿ ಕುಡಿಯುವ ಮೊದಲೇ, ಆಗುವುದಿಲ್ಲ ಎನ್ನಿ.

ಪ್ರಶ್ನೆ: ಖಾಸಗಿ ಕಾಲೇಜಿನ ಕಚೇರಿಯಲ್ಲಿದ್ದು ಕಳೆದ ಮೇ 31ಕ್ಕೆ ನಿವೃತ್ತನಾದೆ. ವಯಸ್ಸು 60. ಭವಿಷ್ಯನಿಧಿ, ಗ್ರಾಚ್ಯುಟಿ ಸೇರಿ 34 ಲಕ್ಷ ಬಂದಿದೆ. ಪಿಂಚಣಿ 2,800 ರೂಪಾಯಿ. ಬೆಂಗಳೂರಿನಲ್ಲಿರುವ ಮಗ ಫ್ಲಾಟ್‌ಗೆ 25 ಲಕ್ಷ ಕೇಳುತ್ತಿದ್ದಾನೆ. ಇಲ್ಲಿಯ ಮನೆಯನ್ನೂ ಅವನ ಹೆಸರಿಗೆ ಮಾಡಿದರೆ ಒಳ್ಳೆಯದೆಂದು ಸೊಸೆ ಹೇಳುತ್ತಾಳೆ. ಹೇಗೂ ಎಲ್ಲ ಅವನದೇ ತಾನೇ?
— ಓದುಗರು, ದಾವಣಗೆರೆ

ಸ್ವಾಮಿ, ನಿಮ್ಮ ಕೊನೆಯ ವಾಕ್ಯವೇ ತೊಂದರೆ. ಎಲ್ಲ ಅವನದು, ನಿಮ್ಮ ಕಾಲಾನಂತರ. ಅಲ್ಲಿಯವರೆಗೆ ನಿಮ್ಮದು ಮತ್ತು ನಿಮ್ಮ ಹೆಂಡತಿಯದು. ಅವರ ಹೆಸರು ನಿಮ್ಮ ಪತ್ರದಲ್ಲಿ ಒಂದು ಕಡೆಯೂ ಇಲ್ಲ.

25 ಲಕ್ಷ ಕೊಟ್ಟರೆ 9 ಲಕ್ಷ ಉಳಿಯುತ್ತದೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ, ಶೇ. 8.2ರ ಲೆಕ್ಕದಲ್ಲಿ, ತಿಂಗಳಿಗೆ 6,150 ರೂಪಾಯಿ. ಮಿತಿಯಿರುವಷ್ಟೂ, ಅಂದರೆ 30 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 61,500, ತಿಂಗಳಿಗೆ 20,500. ಇಬ್ಬರ ರಕ್ತದೊತ್ತಡದ ಮಾತ್ರೆ, ಹಾಲು, ಕರೆಂಟು, ಮೊಮ್ಮಗುವಿನ ನಾಮಕರಣ ಎಲ್ಲ ಇದರಲ್ಲೇ ನಡೆಯಬೇಕು. ಮಗನಿಗೆ ಮೂವತ್ತರ ಆಸುಪಾಸು ಎಂದುಕೊಳ್ಳುತ್ತೇನೆ, ಅವನಿಗೆ ಇನ್ನೂ ಬಹಳ ವರ್ಷ ಸಂಬಳ ಬರುತ್ತದೆ, ನಿಮ್ಮದು ಮೇ 31ಕ್ಕೆ ನಿಂತಿತು. ಉಳಿದ 4 ಲಕ್ಷದಲ್ಲಿ ಎರಡು ಆಸ್ಪತ್ರೆಗೆಂದು ಇಟ್ಟುಕೊಂಡು ಎರಡು ಅವನಿಗೆ ಕೊಡಿ. ಅವನು ಮುಖ ಊದಿಸಿಕೊಳ್ಳುತ್ತಾನೆ. ಫ್ಲಾಟು ಸ್ವಲ್ಪ ಚಿಕ್ಕದಾಗುತ್ತದೆ.

ಮನೆಯನ್ನು ದಾನಪತ್ರ ಮಾಡಬೇಡಿ, ಉಯಿಲು ಬರೆಯಿರಿ. ಉಯಿಲನ್ನು ನಾಳೆ ಬದಲಿಸಬಹುದು. ದಾನ ಮಾಡಲೇಬೇಕಾಗಿ ಬಂದರೆ ‘ನಮ್ಮಿಬ್ಬರನ್ನು ಕೊನೆಯವರೆಗೆ ನೋಡಿಕೊಳ್ಳುವ ಷರತ್ತಿನ ಮೇಲೆ’ ಎಂಬ ಮಾತು ಪತ್ರದಲ್ಲೇ ಇರಲಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ, ಷರತ್ತು ಮುರಿದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಪತ್ರವನ್ನೇ ರದ್ದು ಮಾಡಿಸಬಹುದು. ಸೊಸೆ ಕೇಳಿದರೆ, ಅಂಕಣದ ಅಜ್ಜಿ ಹೀಗೆ ಹೇಳಿದಳು ಎಂದು ನನ್ನ ಮೇಲೆ ಹಾಕಿ. ಅಭ್ಯಾಸವಾಗಿದೆ.

ಪ್ರಶ್ನೆ: ನನಗೆ 74. ನಮ್ಮ ದೊಡ್ಡ ಮಗಳ ಮದುವೆ 1989ರಲ್ಲಿ. ಮುಯ್ಯಿ ಪುಸ್ತಕದಲ್ಲಿ ಒಬ್ಬರ ಹೆಸರಿನ ಮುಂದೆ 101 ರೂಪಾಯಿ ಇದೆ. ಅವರ ಮೊಮ್ಮಗಳ ಮದುವೆ ಬಂದಿದೆ. ಈಗ ಎಷ್ಟು ಹಾಕಬೇಕು?
— ಒಬ್ಬ ಅಜ್ಜಿ, ಚನ್ನರಾಯಪಟ್ಟಣ

ಅಮ್ಮಾ, ಆಗ ಹತ್ತು ಗ್ರಾಂ ಚಿನ್ನ ಮೂರು ಸಾವಿರದ ಚಿಲ್ಲರೆ ಇತ್ತು, ಈಗ ಲಕ್ಷ ದಾಟಿದೆ. ಚಿನ್ನದ ಲೆಕ್ಕದಲ್ಲಿ ಆ 101 ರೂಪಾಯಿ ಇವತ್ತಿಗೆ ಮೂರು ಸಾವಿರದ ಮೇಲಾಗುತ್ತದೆ. ಆದರೆ ಮುಯ್ಯಿಗೆ ಬಡ್ಡಿ ಹಾಕುವ ಪದ್ಧತಿ ನಮ್ಮಲ್ಲಿ ಇಲ್ಲ. ಕೈಯಲ್ಲಿದ್ದರೆ ಸಾವಿರದ ಒಂದು, ಇಲ್ಲದಿದ್ದರೆ ಐನೂರ ಒಂದು. ಲಕೋಟೆಯ ಮೇಲೆ ನಿಮ್ಮ ಊರಿನ ಹೆಸರನ್ನೂ ಬರೆಯಿರಿ. ಆ ಮನೆಯ ಈಗಿನ ಹುಡುಗರಿಗೆ ನೀವು ಯಾರೆಂದು ಗೊತ್ತಿರಲಾರದು.