ಮೂಳೆ ಡಾಕ್ಟರಿಗೊಂದು ಪ್ರಶ್ನೆ: ಎರಡು ವಾರವೋ, ಆರು ವಾರವೋ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಧಾಟಿಯವು. 'ಹೊಸ ಸಂಶೋಧನೆ ಹೀಗೆ ಹೇಳುತ್ತದಂತೆ, ನಮ್ಮ ಡಾಕ್ಟರು ಬೇರೆ ಹೇಳುತ್ತಾರೆ, ಯಾರನ್ನು ನಂಬೋದು?' ಮುರಿದ ಮೂಳೆ ಕೂಡಿಸುವ ಕೆಲಸದಲ್ಲಿ ನಾನು ಮೂವತ್ತು ವರ್ಷ ಕಳೆದಿದ್ದೇನೆ. ಆಗ ಖಡಾಖಂಡಿತವಾಗಿ ಹೇಳಿದ ಕೆಲವು ಮಾತನ್ನು ಈಗ ವಾಪಸ್ ತೆಗೆದುಕೊಳ್ಳಬೇಕಾಗಿ ಬಂದಿದೆ. ಅದನ್ನೂ ಇಲ್ಲೇ ಒಪ್ಪಿಸಿಬಿಡುತ್ತೇನೆ.

ಪ್ರಶ್ನೆ: ಕಾಲಿನ ಹರಡು ಮುರಿದು ಪ್ಲೇಟ್ ಹಾಕಿ ಹದಿನೈದು ದಿನ ಆಯಿತು. ಆರು ವಾರ ಪಾದ ನೆಲಕ್ಕೆ ಊರಬೇಡಿ ಎಂದಿದ್ದಾರೆ. ನನ್ನ ಹಾಗೇ ಬಿದ್ದು ಪ್ಲೇಟ್ ಹಾಕಿಸಿಕೊಂಡ ಸಹೋದ್ಯೋಗಿ ಮೂರನೇ ವಾರಕ್ಕೇ ನಡೆಯುತ್ತಿದ್ದಾರೆ. ಯಾರದು ಸರಿ?

ನನ್ನ ಮೇಜಿನ ಮೇಲೆ ಒಂದು ರಬ್ಬರ್ ಸ್ಟಾಂಪ್ ಇತ್ತು. '6 ವಾರ ಭಾರ ಹಾಕಬಾರದು' ಅಂತ. ಹರಡಿನ ಆಪರೇಷನ್ ಆದವರ ಡಿಸ್ಚಾರ್ಜ್ ಚೀಟಿ ಬಂದರೆ ಸಾಕು, ಠಪ್ಪಂತ ಒತ್ತುತ್ತಿದ್ದೆ. ಆರು ವಾರ ಯಾಕೆ, ಐದು ಯಾಕಲ್ಲ ಎಂದು ಯಾರೂ ಕೇಳಲಿಲ್ಲ. ನನ್ನ ಗುರುಗಳು ಆರು ಎಂದಿದ್ದರು, ನಾನೂ ಆರು ಎಂದೆ, ಅಷ್ಟೇ.

ಕೊನೆಗೆ ಬ್ರಿಟನ್ನಿನವರು ಇದನ್ನು ಪರೀಕ್ಷೆಗೆ ಒಡ್ಡಿದರು. 23 ಆಸ್ಪತ್ರೆ, 561 ಜನ. ಎಲ್ಲರಿಗೂ ಹರಡಿನ ಆಪರೇಷನ್ ಆಗಿತ್ತು. ಅರ್ಧ ಜನಕ್ಕೆ ಎರಡನೇ ವಾರದಿಂದಲೇ ಪಾದ ಊರಿ ನಡೆಯಿರಿ ಎಂದರು. ಉಳಿದವರಿಗೆ ಆರು ವಾರ ಕಾಯಿರಿ ಎಂದರು. ಯಾರು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದ ಹಾಗೆ. ನಾಲ್ಕು ತಿಂಗಳಾದ ಮೇಲೆ ನೋಡಿದರೆ, ಬೇಗ ನಡೆದವರ ಹರಡು ಕಾಯ್ದವರದ್ದಕ್ಕಿಂತ ಯಾವ ರೀತಿಯಲ್ಲೂ ಕೆಟ್ಟಿರಲಿಲ್ಲ. ತೊಂದರೆಗಳೂ ಹೆಚ್ಚುಕಡಿಮೆ ಅಷ್ಟಷ್ಟೇ. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ನನ್ನ ಸ್ಟಾಂಪ್ ಡ್ರಾಯರ್ ಸೇರಿತು.

ಹಾಗಂತ ಇವತ್ತು ಸಂಜೆಯೇ ಎದ್ದು ಓಡಾಡಬೇಡಿ! ಪಾದದಲ್ಲಿ ಸ್ಪರ್ಶವೇ ಗೊತ್ತಾಗದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಇದು ಸಾಮಾನ್ಯ. ಮುರಿದ ಜಾಗ ಜರುಗಿದರೂ ಅವರಿಗೆ ನೋವೇ ಗೊತ್ತಾಗುವುದಿಲ್ಲ. ಇನ್ನು ಹರಡಿನ ಕೀಲಿಗೆ ಛಾವಣಿಯಂತಿರುವ ಮೂಳೆಯ ತುದಿಯೇ ಪುಡಿಯಾಗಿದ್ದರೆ ಆ ಲೆಕ್ಕವೇ ಬೇರೆ. ಆಪರೇಷನ್ ಮಾಡಿದವರು ಒಳಗೆ ಏನಿತ್ತು ಎಂದು ಕಣ್ಣಾರೆ ನೋಡಿದ್ದಾರೆ, ನಾನು ನೋಡಿಲ್ಲ. ಅವರ ಮುಂದೆ ಕೂತು ನೇರವಾಗಿ ಕೇಳಿ: 'ನನ್ನ ಮುರಿತದಲ್ಲಿ ಆರು ವಾರ ಕಾಯಲು ವಿಶೇಷ ಕಾರಣ ಏನಾದರೂ ಇದೆಯಾ?' ಕಾರಣ ಇದ್ದರೆ ಒಂದು ನಿಮಿಷದಲ್ಲಿ ಹೇಳುತ್ತಾರೆ. ಇಲ್ಲದಿದ್ದರೆ ಅವರ ಮೇಜಿನ ಮೇಲೂ ಒಂದು ಸ್ಟಾಂಪ್ ಇರಬಹುದು.

ಪ್ರಶ್ನೆ: ಏಳು ವರ್ಷದ ಮಗ ಓಡುವಾಗ ಬಿದ್ದು ಮಣಿಕಟ್ಟು ಮುರಿದುಕೊಂಡ. 'ಬಕಲ್ ಫ್ರ್ಯಾಕ್ಚರ್' ಎಂದರು. ಬರೀ ಬಟ್ಟೆಯ ಬ್ಯಾಂಡೇಜ್ ಸುತ್ತಿ, ಮತ್ತೆ ತೋರಿಸುವುದೂ ಬೇಡ ಎಂದು ಕಳಿಸಿದರು. ಮೂಳೆ ಮುರಿದರೆ ಪ್ಲಾಸ್ಟರ್ ಬೇಡವೇ? ನಿರ್ಲಕ್ಷ್ಯ ಮಾಡಿದರಾ?

ಇಲ್ಲ, ಸರಿಯಾಗಿಯೇ ಮಾಡಿದ್ದಾರೆ. ಮಕ್ಕಳ ಮೂಳೆ ಹಸಿ ಕಡ್ಡಿಯ ಹಾಗೆ. ಒಣ ಕಡ್ಡಿ ಪಟ್ಟಂತ ಎರಡಾಗುತ್ತದೆ, ಹಸಿಯದು ಬಾಗುತ್ತದೆ, ಒತ್ತಿದರೆ ಒಂದು ಕಡೆ ಉಬ್ಬುತ್ತದೆ. ಬಕಲ್ ಎಂದರೆ ಆ ಉಬ್ಬು. ಎಕ್ಸ್‌ರೇಯಲ್ಲಿ ಮೂಳೆಯ ಅಂಚು ಒಂದೇ ಕಡೆ ಸಣ್ಣ ಗುಬಟಿನಂತೆ ಕಾಣುತ್ತದೆ. ಅದು ಜಾರಿ ಹೋಗುವ ಭಯ ಇಲ್ಲ.

ಇದನ್ನೂ ಪರೀಕ್ಷಿಸಿದ್ದಾರೆ. 2022ರಲ್ಲಿ ಬಂದ ಫೋರ್ಸ್ ಅಧ್ಯಯನದಲ್ಲಿ 4ರಿಂದ 15 ವರ್ಷದ 965 ಮಕ್ಕಳಿದ್ದರು. ಕೆಲವರಿಗೆ ಗಟ್ಟಿ ಕಟ್ಟು, ಕೆಲವರಿಗೆ ಮೆತ್ತನೆ ಬ್ಯಾಂಡೇಜ್ ಕೊಟ್ಟು ಅವತ್ತೇ ಮನೆಗೆ. ಮೂರನೇ ದಿನ ನೋವು ಎಷ್ಟಿದೆ ಎಂದು ಕೇಳಲು ನಗುವ ಮುಖದಿಂದ ಅಳುವ ಮುಖದವರೆಗೆ ಆರು ಚಿತ್ರ ತೋರಿಸಿದರು. ಮಕ್ಕಳು ಬೆರಳಿಟ್ಟು ತೋರಿಸಿದ ಮುಖಗಳಲ್ಲಿ ಎರಡು ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ.

ನೀವು ನೋಡಬೇಕಾದ್ದು ಇಷ್ಟು. ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಏರಿದರೆ, ಕೈ ಸೊಟ್ಟಗೆ ಕಂಡರೆ, ಬೆರಳು ಜೋಮು ಹಿಡಿದರೆ ಹಿಂದೆ ಮುಂದೆ ನೋಡದೆ ಕರೆದುಕೊಂಡು ಹೋಗಿ. ಇನ್ನೊಂದು ಮಾತು. ಈ ರಿಯಾಯಿತಿ ಬಕಲ್ ಮುರಿತಕ್ಕೆ ಮಾತ್ರ. ಪೂರ್ತಿ ಮುರಿದ ಕೈಗೆ ಬಟ್ಟೆ ಸುತ್ತಿ ಕೂತುಕೊಳ್ಳಬೇಡಿ.

ಪ್ರಶ್ನೆ: ಅಮ್ಮನಿಗೆ 82. ಬಚ್ಚಲಲ್ಲಿ ಜಾರಿ ತೊಡೆಮೂಳೆಯ ಕತ್ತು ಮುರಿದಿದೆ. ನಾಳೆಯೇ ಆಪರೇಷನ್ ಎನ್ನುತ್ತಾರೆ ಡಾಕ್ಟರು. ಈ ವಯಸ್ಸಿನಲ್ಲಿ ಅರಿವಳಿಕೆ ತಡೆಯಲ್ಲ, ಮಲಗಿಸಿಯೇ ನೋಡಿಕೊಳ್ಳೋಣ ಎನ್ನುತ್ತಾರೆ ಮನೆಯವರು.

ನಿಮಗೆ ಅವತ್ತೇ ಫೋನಿನಲ್ಲಿ ಉತ್ತರ ಹೇಳಿದ್ದೆ. ಪತ್ರಿಕೆ ಅಚ್ಚಾಗಿ ಬರುವ ತನಕ ಇಂಥ ಪ್ರಶ್ನೆ ಕಾಯುವುದಿಲ್ಲ. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮನೆಯವರ ಭಯ ನನಗೆ ಅರ್ಥ ಆಗುತ್ತದೆ. ಆದರೆ 'ಮಲಗಿಸಿ ನೋಡಿಕೊಳ್ಳುವುದು' ಎಂದರೆ ಏನು ಎಂದು ಒಮ್ಮೆ ಹತ್ತಿರದಿಂದ ನೋಡಿ. ಮಗ್ಗುಲು ಬದಲಿಸಿದರೆ ಚೀರುವಷ್ಟು ನೋವು. ಹಾಗಾಗಿ ಅಲುಗುವುದೇ ಇಲ್ಲ. ಅಲುಗದಿದ್ದರೆ ಬೆನ್ನಿಗೆ ಹುಣ್ಣು, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು. ಇಲ್ಲಿ ಆಪರೇಷನ್ ಮಾಡುವುದು ಮೂಳೆಯ ಚಂದಕ್ಕಲ್ಲ. ಮಾರನೇ ದಿನ ಎಬ್ಬಿಸಿ ಕೂರಿಸಬೇಕಲ್ಲ, ಅದಕ್ಕೆ. ತೀರಾ ಕೊನೆಗಾಲದಲ್ಲಿರುವ ಕೆಲವರನ್ನು ಬಿಟ್ಟರೆ ವಯಸ್ಸೊಂದೇ ಅಡ್ಡಿಯಲ್ಲ.

ಎಷ್ಟು ಬೇಗ? 2020ರಲ್ಲಿ ಬಂದ ಹಿಪ್ ಅಟ್ಯಾಕ್ ಎಂಬ ದೊಡ್ಡ ಅಧ್ಯಯನ 17 ದೇಶಗಳ 2,970 ಜನರನ್ನು ನೋಡಿತು. ಒಂದು ಗುಂಪಿಗೆ ಮುರಿತ ಗೊತ್ತಾದ ಸುಮಾರು 6 ಗಂಟೆಯಲ್ಲಿ, ಇನ್ನೊಂದಕ್ಕೆ ಸುಮಾರು 24 ಗಂಟೆಯಲ್ಲಿ ಆಪರೇಷನ್. ಧಾವಂತ ಮಾಡಿದರೆ ಜೀವ ಉಳಿಯುತ್ತದೆ ಎಂದು ನಾನೂ ನಂಬಿದ್ದೆ. ಉತ್ತರ ಹಾಗೆ ಬರಲಿಲ್ಲ. ಮೂರು ತಿಂಗಳಲ್ಲಿ ತೀರಿಕೊಂಡವರು ಒಂದು ಕಡೆ 9%, ಇನ್ನೊಂದು ಕಡೆ 10%. ದೊಡ್ಡ ಅಂತರವೇನಲ್ಲ. ಆದರೆ ಬೇಗ ಆಪರೇಷನ್ ಆದವರು ಬೇಗ ಎದ್ದು ನಿಂತರು, ಬೇಗ ಮನೆಗೆ ಹೋದರು. ರಾತ್ರಿ ಹೊತ್ತು ಸ್ವಂತ ಮಕ್ಕಳನ್ನೇ ಗುರುತಿಸದೆ ಗಲಿಬಿಲಿಗೊಳ್ಳುತ್ತಾರಲ್ಲ, ಅದೂ ಅವರಲ್ಲಿ ಕಡಿಮೆ. ಹಾಸಿಗೆಯ ಪಕ್ಕ ಕೂತು ಅದನ್ನು ಕಂಡವರಿಗೆ ಇದು ಸಣ್ಣ ವಿಷಯ ಅಲ್ಲ. ಸಂಜೆ ಬಿದ್ದವರಿಗೆ ಮಾರನೇ ದಿನ ಆಪರೇಷನ್ ಆದರೆ ತಡವಾಯಿತೆಂದು ಕೊರಗಬೇಡಿ. ಮನೆಯವರು ಒಮ್ಮತಕ್ಕೆ ಬರಲಿ ಎಂದು ನಾಲ್ಕು ದಿನ ತಳ್ಳುವುದು ಮಾತ್ರ ತಪ್ಪು.

ಅರಿವಳಿಕೆಯ ವಿಷಯ. ಬೆನ್ನಿಗೆ ಕೊಡುವುದು ವಾಸಿಯೋ, ಪೂರ್ತಿ ನಿದ್ದೆ ಬರಿಸುವುದು ವಾಸಿಯೋ ಎಂಬ ಜಗಳ ಹಳೆಯದು. 1,600 ರೋಗಿಗಳ ಮೇಲೆ ಹೋಲಿಸಿ 2021ರಲ್ಲಿ ಪ್ರಕಟಿಸಿದರು. 60 ದಿನದ ಹೊತ್ತಿಗೆ ತೀರಿಕೊಂಡವರು ಅಥವಾ ತಾವಾಗಿ ನಾಲ್ಕು ಹೆಜ್ಜೆ ನಡೆಯಲಾಗದವರು ಬೆನ್ನಿನ ಗುಂಪಿನಲ್ಲಿ 18.5%, ನಿದ್ದೆಯ ಗುಂಪಿನಲ್ಲಿ 18%. ಅದನ್ನು ಅರಿವಳಿಕೆ ಡಾಕ್ಟರಿಗೇ ಬಿಟ್ಟುಬಿಡಿ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ಸಂಗತಿ. ಸೊಂಟ ರಿಪೇರಿ ಮಾಡಿ, ಹೊಲಿಗೆ ಬಿಚ್ಚಿ, 'ಹುಷಾರಾಗಿ ನಡೆಯಿರಿ' ಎಂದು ಕಳಿಸಿಬಿಡುತ್ತೇವೆ. ನಿಂತ ಎತ್ತರದಿಂದ ಬಿದ್ದದ್ದಕ್ಕೇ ಮೂಳೆ ಮುರಿಯಿತು ಎಂದರೆ ಮೂಳೆ ಟೊಳ್ಳಾಗಿದೆ ಅಂತ ತಾನೇ ಅರ್ಥ? ಅದಕ್ಕೆ ಔಷಧ ಬರೆಯುವುದು ಮರೆತೇಹೋಗುತ್ತದೆ. ನಾನೂ ಮರೆತಿದ್ದೇನೆ, ಎಷ್ಟೋ ಸಲ. 2007ರಷ್ಟು ಹಿಂದೆಯೇ 2,127 ಜನರ ಅಧ್ಯಯನ ಇದಕ್ಕೆ ದಾರಿ ತೋರಿಸಿತ್ತು. ಸೊಂಟದ ಆಪರೇಷನ್ ಆದ ಮೂರು ತಿಂಗಳೊಳಗೆ ಶುರುಮಾಡಿ, ವರ್ಷಕ್ಕೊಂದು ಸಲ ಡ್ರಿಪ್‌ನಲ್ಲಿ ಜೊಲೆಡ್ರಾನಿಕ್ ಆಸಿಡ್ ಕೊಟ್ಟರು. ಹೊಸದಾಗಿ ಮೂಳೆ ಮುರಿದುಕೊಂಡವರು ಈ ಔಷಧ ಸಿಗದ ಗುಂಪಿನಲ್ಲಿ 13.9%, ಸಿಕ್ಕ ಗುಂಪಿನಲ್ಲಿ 8.6%. ಸಾವೂ ಕಡಿಮೆಯಾಯಿತು. ಮೂತ್ರಪಿಂಡ ನೋಡಿಕೊಂಡು, ವಿಟಮಿನ್ ಡಿ ಸರಿಮಾಡಿಕೊಂಡು ಕೊಡಬೇಕಾದ ಔಷಧ ಅದು. ಡಿಸ್ಚಾರ್ಜ್ ದಿನ ಅಮ್ಮನ ಚೀಟಿ ತಿರುವಿಹಾಕಿ. ಮೂಳೆ ಸವೆತಕ್ಕೆ ಏನೂ ಬರೆದಿಲ್ಲವಾದರೆ ಅಲ್ಲೇ ನಿಂತು ಕೇಳಿ.

ಪ್ರಶ್ನೆ: ಮೂಳೆ ಮುರಿಯದಿರಲಿ ಎಂದು ಮುಂಜಾಗ್ರತೆಗೆ ನಾನು ವಿಟಮಿನ್ ಡಿ ಮಾತ್ರೆ ನುಂಗಬಹುದೇ? ವಯಸ್ಸು 56, ಆರೋಗ್ಯ ಚೆನ್ನಾಗಿದೆ.

ನುಂಗಿದರೆ ಕೆಟ್ಟದ್ದೇನಿಲ್ಲ, ಆದರೆ ಅದರಿಂದ ಮುರಿತ ತಪ್ಪುತ್ತದೆ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ 25,871 ಜನರಿಗೆ ಐದು ವರ್ಷಕ್ಕೂ ಜಾಸ್ತಿ ಕಾಲ ದಿನಕ್ಕೆ 2,000 ಯೂನಿಟ್ ಅಥವಾ ಖಾಲಿ ಮಾತ್ರೆ ಕೊಟ್ಟು ನೋಡಿದರು. ಮುರಿತ ಕಡಿಮೆಯಾಗಲಿಲ್ಲ. ಕೊರತೆ ಇದೆ ಎಂದು ಗೊತ್ತಾದವರ, ಮೂಳೆ ಸವೆತಕ್ಕೆ ಔಷಧ ತೆಗೆದುಕೊಳ್ಳುವವರ ಮಾತು ಬೇರೆ. ಅವರು ಸುಮ್ನೆ ನಿಲ್ಲಿಸಬಾರದು.

ಪ್ರಶ್ನೆ: ಮೊಣಕಾಲಿನ ಕೆಳಗಿನ ಮೂಳೆಗೆ ರಾಡ್ ಹಾಕಿ ನಾಲ್ಕು ತಿಂಗಳು. 'ಇನ್ನೂ ಪೂರ್ತಿ ಕೂಡಿಲ್ಲ' ಎಂದರು. ದಿನಾ 20 ನಿಮಿಷ ಅಲ್ಟ್ರಾಸೌಂಡ್ ಕೊಡುವ ಮಷೀನು ಕೊಂಡರೆ ಬೇಗ ಕೂಡುತ್ತದಂತೆ. ಕೊಳ್ಳಲೇ? ದಿನಕ್ಕೆ ಆರೇಳು ಸಿಗರೇಟು ಸೇದುತ್ತೇನೆ.

ಪತ್ರದ ಕೊನೆಯ ಸಾಲನ್ನು ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ಉತ್ತರ ಅಲ್ಲೇ ಇದೆ.

ಮಷೀನಿನ ಮಾತು ಮೊದಲು ಮುಗಿಸೋಣ. ನಿಮ್ಮ ಹಾಗೆ ರಾಡ್ ಹಾಕಿಸಿಕೊಂಡ 501 ಜನರಿಗೆ ಮಷೀನು ಕೊಟ್ಟರು. ಅರ್ಧದಷ್ಟು ಮಷೀನುಗಳು ಡಮ್ಮಿ. ಹೊರಗಿಂದ ನೋಡಿದರೆ ಒಂದೇ ಥರ, ಒಳಗೆ ಏನೂ ಹೊರಡುವುದಿಲ್ಲ. ಯಾರ ಕೈಯಲ್ಲಿ ಯಾವುದಿದೆ ಎಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. 2016ರಲ್ಲಿ ಫಲಿತಾಂಶ ಬಂತು. ಮೂಳೆ ಕೂಡುವುದರಲ್ಲೂ ಇಲ್ಲ, ಓಡಾಟದಲ್ಲೂ ಇಲ್ಲ, ಏನೂ ಫರಕಿಲ್ಲ. ಅದು ಹೊಸ ಮುರಿತಗಳ ಮೇಲೆ ಮಾಡಿದ ಪರೀಕ್ಷೆ, ನಿಮ್ಮದು ನಾಲ್ಕು ತಿಂಗಳು ಹಳೆಯದು, ನಿಜ. ಆದರೂ ನಾನಾದರೆ ಕೊಳ್ಳುವುದಿಲ್ಲ.

ಇನ್ನು, ನಾಲ್ಕು ತಿಂಗಳಿಗೆ ಕೂಡಿಲ್ಲ ಎಂದರೆ ಕೂಡುವುದೇ ಇಲ್ಲ ಎಂದಲ್ಲ. ಈ ಮೂಳೆ ನಿಧಾನಿ. 1,226 ಜನರನ್ನು ಹಿಂಬಾಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ನಿಯಮ ಇತ್ತು: ಆದಷ್ಟೂ ಮೊದಲ ಆರು ತಿಂಗಳು ಮತ್ತೆ ಆಪರೇಷನ್‌ಗೆ ಕೈ ಹಾಕಬಾರದು. ಕೊನೆಗೆ ಕೂಡದ ಮೂಳೆಗಾಗಿ ಆಪರೇಷನ್ ಬೇಕಾದವರು ನೂರಕ್ಕೆ ಐದರಷ್ಟೂ ಇರಲಿಲ್ಲ. ನಾವು ಮೊದಲು ನಾಲ್ಕನೇ ತಿಂಗಳಿಗೇ ಚಡಪಡಿಸಿ ಕೊಯ್ದ ಕಾಲುಗಳಲ್ಲಿ ಎಷ್ಟೋ ತಾವಾಗಿಯೇ ಕೂಡುತ್ತಿದ್ದವು ಅನ್ನಿಸುತ್ತದೆ.

ನಿಮ್ಮ ಎಕ್ಸ್‌ರೇ ನೀವೇ ನೋಡಬಹುದು. ಎದುರಿನಿಂದ ಒಂದು, ಪಕ್ಕದಿಂದ ಒಂದು, ಎರಡು ಫಿಲ್ಮ್ ಇರುತ್ತವೆ. ಒಂದೊಂದರಲ್ಲೂ ಮೂಳೆಗೆ ಎರಡು ಬಿಳಿ ಅಂಚು. ಒಟ್ಟು ನಾಲ್ಕು. ಮುರಿದ ಜಾಗದಲ್ಲಿ ಮೋಡದಂತೆ ಬೆಳೆದ ಹೊಸ ಮೂಳೆ ಎಷ್ಟು ಅಂಚುಗಳನ್ನು ಸೇತುವೆಯ ಹಾಗೆ ದಾಟಿದೆ, ಎಣಿಸಿ. ನಾಲ್ಕರಲ್ಲಿ ಮೂರು ದಾಟಿದ್ದರೆ ಕೂಡಿದೆ ಎನ್ನುತ್ತೇವೆ. ಎರಡಿದ್ದು, ಹಿಂದಿನ ತಿಂಗಳು ಒಂದೇ ಇತ್ತು ಎಂದರೆ ಕೆಲಸ ನಡೆಯುತ್ತಿದೆ.

ಆ ಸೇತುವೆ ಕಟ್ಟಲು ರಕ್ತ ಬೇಕು. ಸಿಗರೇಟು ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ. ಸೇದುವವರ ಮೂಳೆ ತಡವಾಗಿ ಕೂಡುತ್ತದೆ ಎಂಬುದು ಪದೇಪದೇ ಕಂಡದ್ದು. ಮಷೀನಿಗೆ ದಿನಾ 20 ನಿಮಿಷ ಕೊಡಲು ತಯಾರಿದ್ದಿರಿ. ಆ ಸಮಯವನ್ನು ಸಿಗರೇಟು ಬಿಡಿಸುವ ಡಾಕ್ಟರಿಗೆ ಕೊಡಿ.

ಪ್ರಶ್ನೆ: ಪ್ಲಾಸ್ಟರ್ ಒಳಗೆ ತಡೆಯಲಾರದ ತುರಿಕೆ. ಹೆಣಿಗೆ ಕಡ್ಡಿ ಹಾಕಿ ಕೆರೆದುಕೊಳ್ಳಬಹುದೇ? ಕಟ್ಟು ಕತ್ತರಿಸುವ ಗರಗಸದ್ದೂ ಭಯ.

ಕಡ್ಡಿ ಹಾಕಬಾರದು. ಒಳಗೆ ಚರ್ಮ ತೇವವಾಗಿ ಮೆತ್ತಗಾಗಿರುತ್ತದೆ. ಗೀರಿದರೆ ಗಾಯ, ಗಾಯ ಕೀವಾದರೂ ಯಾರಿಗೂ ಕಾಣುವುದಿಲ್ಲ. ಕೈ ಎತ್ತರಕ್ಕೆ ಇಟ್ಟುಕೊಳ್ಳಿ, ಹೇರ್ ಡ್ರೈಯರ್‌ನಿಂದ ತಣ್ಣನೆ ಗಾಳಿ ಬಿಡಿ, ತುರಿಸುವ ಜಾಗದ ನೇರಕ್ಕೆ ಪ್ಲಾಸ್ಟರ್ ಮೇಲೆ ತಟ್ಟಿ. ತುರಿಕೆ ಹೋಗಿ ಉರಿ ಅಥವಾ ಒಂದೇ ಜಾಗದಲ್ಲಿ ನೋವು ಶುರುವಾದರೆ, ವಾಸನೆ ಬಂದರೆ ತೋರಿಸಿ. ಗರಗಸದ ಅಲಗು ತಿರುಗುವುದಿಲ್ಲ, ಬರೀ ನಡುಗುತ್ತದೆ. ಗಟ್ಟಿ ಪ್ಲಾಸ್ಟರ್ ಸೀಳುತ್ತದೆ, ಮೆತ್ತನೆ ಚರ್ಮ ಅದರ ಜೊತೆಗೇ ಅಲ್ಲಾಡಿ ಪಾರಾಗುತ್ತದೆ. ಸದ್ದು ಜೋರು, ಬಿಸಿ ಅನ್ನಿಸಿದರೆ ನಿಲ್ಲಿಸಿ ಎನ್ನಿ.

ಉಪದೇಶ ಮಾಡುವವಳ ಕಥೆಯನ್ನೂ ಕೇಳಿ. ಎರಡು ವರ್ಷದ ಹಿಂದೆ ಒದ್ದೆ ಮೆಟ್ಟಿಲ ಮೇಲೆ ಜಾರಿ ಎಡ ಮಣಿಕಟ್ಟು ಮುರಿದುಕೊಂಡೆ. ಮೂಳೆ ಎಳೆದು ಕೂರಿಸಿದ ಮೇಲೆ ತಂತಿ ಹಾಕೋಣ ಎಂದರು ಸಹೋದ್ಯೋಗಿ. ನಾನು ಬೇಡ ಎಂದೆ. ಇಂಥ 500 ಮುರಿತಗಳ ಅಧ್ಯಯನ 2022ರಲ್ಲಿ ಬಂದಿತ್ತು. ತಂತಿ ಹಾಕಿಸಿಕೊಂಡವರೂ ಬರೀ ಪ್ಲಾಸ್ಟರ್‌ನವರೂ ವರ್ಷದ ಕೊನೆಗೆ ಒಂದೇ ಥರ ಇದ್ದರು. ಆದರೆ ಪ್ಲಾಸ್ಟರ್‌ನವರಲ್ಲಿ ಎಂಟಕ್ಕೊಬ್ಬರಿಗೆ ಮೊದಲ ಆರು ವಾರದಲ್ಲೇ ಮೂಳೆ ಜಾರಿ ಆಪರೇಷನ್ ಬೇಕಾಯಿತು. ಆ ಎಂಟನೆಯವಳು ನಾನೇ ಆಗುತ್ತೇನೇನೋ ಎಂದು ಪ್ರತಿ ಎಕ್ಸ್‌ರೇಗೂ ಎದೆ ಹೊಡೆದುಕೊಳ್ಳುತ್ತಿತ್ತು. ಆಗಲಿಲ್ಲ.

ಐದನೇ ವಾರದ ಕೊನೆಗೆ ಕಟ್ಟು ಬಿಚ್ಚಿದರು. ಹೊಟ್ಟಿನಂತೆ ಉದುರುವ ಚರ್ಮ, ಸಣಕಲು ಕೈ, ಉದ್ದ ಕೂದಲು. ಅದರ ಜೊತೆಗೆ ಟಕ್ಕಂತ ಒಂದು ಪೆನ್ನಿನ ಮುಚ್ಚಳವೂ ಟ್ರೇಗೆ ಬಿತ್ತು. ಮನೆಯೆಲ್ಲ ಹುಡುಕಿದ್ದ ಮುಚ್ಚಳ. ಸಹೋದ್ಯೋಗಿ ಅದನ್ನು ಇಕ್ಕಳದಲ್ಲಿ ಎತ್ತಿ ನನ್ನ ಮುಂದೆ ಹಿಡಿದರು. ನಾನು ಕಿಟಕಿ ಕಡೆ ನೋಡಿದೆ.